ಸಾವಳಗಿ ಮಾಸ್ತರ ಗಾಡಿಯ ಕಟ್‌ಕಟ್

ಕಾರು ಮಾಲೀಕನ ಮುಂದೆ ಕಟಕಟ ಅನ್ನುತ್ತದೆ, ಮಿಸ್ತ್ರಿಯ ಮುಂದೆ ಮೌನವ್ರತ ಹಿಡಿಯುತ್ತದೆ. ಜಮಖಂಡಿಯಲ್ಲಿ ಗ್ಯಾರೇಜು ತೆರೆದಾಗಿನಿಂದ ವಾರಕ್ಕೊಮ್ಮೆಯಾದರೂ ಇದನ್ನು ನೋಡುತ್ತಾ ಬಂದಿದ್ದೇನೆ. ಬೆಳಿಗ್ಗೆ ಪಾನಾ-ಸ್ಪ್ಯಾನರುಗಳಿಗೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ, "ಇವತ್ತಿನ ಶಬ್ದ ಇವತ್ತೇ ಸಿಗಲಪ್ಪಾ" ಎಂದು ಕೈಮುಗಿದೇ ಕೆಲಸಕ್ಕೆ ಕೂಡುವವನು ನಾನು. ಅವನು ಕೇಳುತ್ತಾನೆ. ಆದರೆ ಕೊಡುವ ಮುಂಚೆ ಒಂದಿಷ್ಟು ನಗಾಡುತ್ತಾನೆ.

೧. ಪಾಸಾದ ಶಬ್ದ

ಸಾವಳಗಿಯ ಹೆಡ್‌ಮಾಸ್ತರು, ರಿಟೈರ್ ಆದವರು, ಒಂದು ಮುಂಜಾನೆ ತಮ್ಮ ಸಣ್ಣ ಕಾರು ತಂದು ನಿಲ್ಲಿಸಿದರು. ಮುಖ ಬಾಡಿತ್ತು.

"ತಮ್ಮಾ, ಮಗಳು ಮುಧೋಳದಾಗ ಅದಾಳ. ಚೊಚ್ಚಲ ಬಸುರಿ. ಬಾಣಂತನ ನಮ್ಮ ಮನ್ಯಾಗ ಆಗಬೇಕಲ್ಲ? ಕುಬಸದ ದಿನ ಬೀಗತಿ ನನ್ನ ಗಾಡ್ಯಾಗ ಕುಂತಿದ್ರು. ಕಟ್‌ಕಟ್ ಅನ್ನೋದು ಕೇಳಿ, ಈ ಗಾಡ್ಯಾಗ ಸೊಸಿನ್ನ ಕಳಸಂಗಿಲ್ಲ ಅಂದುಬಿಟ್ರು."

"ಬ್ಯಾರೆ ಗಾಡಿ ಮಾಡ್ಕೊಂಡು ಹೋಗ್ರಿ."

"ತವರುಮನಿ ಗಾಡಿ ಇರೂವಾಗ ಬಾಡಿಗಿ ಗಾಡಿ ಯಾಕಂತ ಅದಕ್ಕೂ ಒಲ್ಲೆ ಅಂದಾರ. ಸೋಮಾರ ದಾಟಿದ್ರ ಎಂಟನೇ ತಿಂಗಳಕ್ಕ ಬೀಳ್ತೈತಿ. ಎಂಟರಾಗ ಅವರ ಮನ್ಯಾಗ ಕಳಸೋ ಪದ್ಧತಿ ಇಲ್ಲ."

ಸೋಮವಾರಕ್ಕೆ ಐದೇ ದಿನ. ಗಾಡಿ ತೆಗೆದುಕೊಂಡು ಒಂದು ಸುತ್ತು ಹಾಕಿದೆ. ಕಮಕ್ ಇಲ್ಲ, ಕಿಮಕ್ ಇಲ್ಲ.

ಮಾಸ್ತರು ಬಾನೆಟ್ಟಿಗೆ ಬೆರಳು ತೋರಿಸಿ ಗದರಿದರು: "ಥೇಟ್ ನಮ್ಮ ಸಾಲಿ ಹುಡುಗ್ರಂಗ! ಮನ್ಯಾಗ ಗಡಗಡ ಪಾಠ ಒಪ್ಪಸ್ತಾವು, ಇನ್‌ಸ್ಪೆಕ್ಟರ್ ಬಂದ್ರ ಬಾಯಿ ಬಿಡಂಗಿಲ್ಲ!"

"ಸಿಟ್ಟಾಗಬ್ಯಾಡ್ರಿ. ಹೆಂಗ ಬರ್ತೈತಿ, ನೀವ ಮಾಡಿ ತೋರಸ್ರಿ."

ಅವರು ಎರಡೂ ಕೈಯಲ್ಲಿ ಇಲ್ಲದ ಸ್ಟೇರಿಂಗ್ ಹಿಡಿದು, ಮೊಣಕಾಲು ಕುಣಿಸುತ್ತಾ, "ತಗ್ಗಿನ್ಯಾಗ ಕಟ್‌ಕಟ್, ಹೊಳ್ಳಸಿದ್ರ ಟಣ್!" ಎಂದು ಅಂಗಳದಲ್ಲಿ ಎರಡು ಸುತ್ತು ಓಡಿದರು. ಎದುರಿನ ಚಹಾದಂಗಡಿಯವರು ಗಿರಾಕಿಗಳ ಸಮೇತ ಎದ್ದು ಬಂದರು.

ತಗ್ಗು ಬೇಕು ಎಂದರೆ ನಮ್ಮ ಕಡೆ ಹುಡುಕಬೇಕಾಗಿಲ್ಲ. ಕಬ್ಬಿನ ಟ್ರ್ಯಾಕ್ಟರು ಓಡಾಡುವ ರಸ್ತೆಗೆ ಒಯ್ದೆವು. ಅಲ್ಲಿ ಮುಂದಿನ ಎಡಗಾಲಿ ಬಾಯಿಬಿಟ್ಟಿತು. ಗಾಡಿ ವಾಲದಂತೆ ಹಿಡಿಯುವ ಸರಳಿನ ಲಿಂಕ್ ರಾಡ್ ಸವೆದು ಸಡಿಲಾಗಿತ್ತು. ಬದಲಾಯಿಸಿ ಕಳಿಸಿದೆ.

ಮರುದಿನ ಮತ್ತೆ ಬಂದರು. "ನೂರಕ್ಕ ಎಂಬತ್ತು ಇದ್ದ ಶಬ್ದ ಮೂವತ್ತೈದಕ್ಕ ಬಂದೈತಿ."

"ಛಲೋ ಆತಲ್ಲರಿ!"

"ಏನ್ ಛಲೋ? ಮೂವತ್ತೈದಕ್ಕೂ ಪಾಸ್ ಆಗ್ತೈತಲ್ಲೋ ಮಾರಾಯಾ. ನನಗ ಅದು ಫೇಲ್ ಆಗಬೇಕು!"

೨. ಕಣ್ಣು ಮುಚ್ಚಿದ್ದಕ್ಕೆ

ಉಳಿದದ್ದು ಟಣ್. ಸ್ಟೇರಿಂಗ್ ಹೊಳ್ಳಿಸಿದಾಗ ಮಾತ್ರ ಬರುವುದು. ಮಾಸ್ತರನ್ನು ಒಳಗೆ ಕೂಡಿಸಿ, "ನಾ ಸಾಕನ್ನೂತನಕ ಎಡಕ್ಕ ಬಲಕ್ಕ ಹೊಳ್ಳಸ್ರಿ" ಎಂದೆ. ಬಾನೆಟ್ ಎತ್ತಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಶಾಕ್‌ಅಬ್ಸಾರ್ಬರಿನ ತಲೆಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿದೆ. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳುವಂತೆ, ಕಬ್ಬಿಣದೊಳಗಿನ ಮಾತು ಹೀಗೆ ಕೇಳಿಸುತ್ತದೆ. ಕಿವಿ ಚುರುಕಾಗಲಿ ಎಂದು ಕಣ್ಣು ಮುಚ್ಚಿದೆ.

ಒಂದು ಸಲ ಟಣ್ ಅಂದಿತು. ಆಮೇಲೆ ನಿಶ್ಶಬ್ದ. ಎರಡು ನಿಮಿಷ, ಮೂರು ನಿಮಿಷ. ಇಂಜಿನ್ನಿನ ಗುರುಗುರು ಬಿಟ್ಟರೆ ಏನೂ ಇಲ್ಲ. ಕೈ ಹಚ್ಚುವ ಮುಂಚೆಯೇ ಬೀರಪ್ಪ ಶಬ್ದ ನಿಲ್ಲಿಸಿದನಲ್ಲ ಎಂದು ಕಣ್ಣಲ್ಲಿ ನೀರು ಬಂತು.

"ಹೋತ್ರಿ ಮಾಸ್ತರ! ಶಬ್ದ ಹೋತು! ಎಲ್ಲಾ ಅವನ ದಯಾ!" ಎಂದು ಕೂಗಿ ಕಣ್ಣು ತೆರೆದೆ.

ಮಾಸ್ತರು ಸ್ಟೇರಿಂಗ್ ಬಿಟ್ಟು, ಎರಡೂ ಕೈ ಮುಗಿದು, ತಾವೂ ಕಣ್ಣು ಮುಚ್ಚಿ ಕೂತಿದ್ದರು.

"ಯಾಕ್ರಿ, ಹೊಳ್ಳಸಲಿಲ್ಲೇನು?"

"ನೀ ಕಣ್ಣು ಮುಚ್ಚಿದಿ. ಜಪಕ್ಕ ಕುಂತಾನ, ನಡುವ ಗದ್ದಲ ಬ್ಯಾಡಂತ ಕೈ ಬಿಟ್ಟೆ."

ನಾಚಿಕೆಯಿಂದ ತಲೆ ತಗ್ಗಿಸಿ ಮತ್ತೆ ಶುರು ಮಾಡಿದೆ. ಈ ಸಲ ಸ್ಪ್ರಿಂಗಿನ ಮೇಲೆ ಕೈ ಇಟ್ಟೆ. ಹೊಳ್ಳಿಸಿದಾಗ ಅದು ನುಣ್ಣಗೆ ತಿರುಗದೆ, ತಡೆದು ತಡೆದು ಹಾರುತ್ತಿತ್ತು. ಮೇಲಿನ ಬೇರಿಂಗು ಹೋಗಿತ್ತು. ಎರಡೂ ಕಡೆ ಹೊಸದು ಹಾಕಿದೆ. ಶಬ್ದ ಖರೇನೇ ಹೋಯಿತು. ಆಗ ನಿಜವಾದ ಭಕ್ತಿಯಿಂದ ಕಣ್ಣು ಮುಚ್ಚಿ ಕೈ ಮುಗಿದೆ.

ಒಳಗಿಂದ ಮಾಸ್ತರು ಕೇಳಿದರು: "ಈಗ ಹೊಳ್ಳಸ್ಲೋ, ಸುಮ್ಮ ಕುಂದರ್ಲೋ?"

೩. ಬೀಗತಿಯ ಚೆಂಬು

ಭಾನುವಾರ ಮುಧೋಳಕ್ಕೆ ನನ್ನನ್ನೂ ಕರೆದೊಯ್ದರು. ಬೀಗತಿ ಯಾರ ಮಾತೂ ನಂಬುವವರಲ್ಲ. ಕಂಠಮಟ ನೀರು ತುಂಬಿದ ಹಿತ್ತಾಳೆ ಚೆಂಬನ್ನು ತೊಡೆಯ ಮೇಲೆ ಹಿಡಿದು ಮುಂದಿನ ಸೀಟಿನಲ್ಲಿ ಕೂತರು.

"ನಮ್ಮ ಮಾವ ಹೊಸಾ ಚಕ್ಕಡಿ ಹಿಂಗ ನೋಡ್ತಿದ್ದ. ನೀರು ಚೆಲ್ಲಬಾರದು, ಶಬ್ದ ಬರಬಾರದು. ಹೊಡೀರಿ ಅಣ್ಣಾರ."

ಮಾಸ್ತರು ಎಷ್ಟು ಹಗುರ ಹೊಡೆದರೆಂದರೆ ಎಮ್ಮೆ ಮೇಯಿಸುವವನೊಬ್ಬ ನಮ್ಮನ್ನು ದಾಟಿ ಹೋದ. ನಾನು ಹಿಂದೆ ಕೂತು ನಾಮಸ್ಮರಣೆ ಮಾಡುತ್ತಿದ್ದೆ. ಮೊದಲ ಹಂಪ್ ಬಂತು. ನೀರು ಚೆಲ್ಲಲಿಲ್ಲ.

ಆದರೆ, ಕಟ್‌ಕಟ್!

"ಕೇಳಿದ್ರಿಲ್ಲ? ಇದ, ಇದ ಶಬ್ದ ಕುಬಸದ ದಿನಾನೂ!" ಎಂದರು ಬೀಗತಿ. ಮಾಸ್ತರ ಕಣ್ಣು ಹನಿಗೂಡಿತು. ನಾನು ಇಳಿದು ಜ್ಯಾಕ್ ಹಚ್ಚಿ ಗಾಲಿ ಅಲ್ಲಾಡಿಸಿದೆ, ಬೋಲ್ಟು ಬಿಗಿ ನೋಡಿದೆ. ಎಲ್ಲಾ ಗಟ್ಟಿ. ಮತ್ತೆ ಹೊರಟೆವು. ಮತ್ತೊಂದು ಹಂಪ್. ಕಟ್‌ಕಟ್!

ಈ ಸಲ ಎರಡು ಸೀಟುಗಳ ನಡುವೆ ತಲೆ ತೂರಿಸಿದ್ದೆ. ಶಬ್ದ ಕೆಳಗಿನದಲ್ಲ. ಮೇಲಿನದು. ಬಲಗಡೆಯದು.

ಹೇಳಲೋ ಬೇಡವೋ ಎಂದು ನಾನು ಬೆವರುತ್ತಿರುವಾಗ ಬೀಗತಿಯೇ ಮಾಸ್ತರ ಮುಖವನ್ನು ದಿಟ್ಟಿಸಿ ನೋಡಿದರು.

"ಅಣ್ಣಾರ, ಬಾಯಿ ಬಿಗಿ ಮುಚ್ಚಿ ಹೊಡೀರಿ."

ಮೂರನೇ ಹಂಪ್. ಸದ್ದೇ ಇಲ್ಲ.

ಮಾಸ್ತರು ಗಾಡಿ ಬದಿಗೆ ನಿಲ್ಲಿಸಿ, ತಲೆ ತಗ್ಗಿಸಿ ಹೇಳಿದರು: "ಹಲ್ಲಿನ ಸೆಟ್ಟು ಸಡಲ ಆಗೇತ್ರಿ. ಬೀಗರ ಮನಿಗೆ ಬರೂ ಮುಂದ ಅಷ್ಟ ಹಾಕ್ಕೋತೇನಿ."

ಬೀಗತಿ ನಗಲಿಲ್ಲ. ದೊಡ್ಡವರು. ಅಂಗೈ ಚಾಚಿದರು. "ಗಾಡಿ ಛಲೋ ಐತಿ. ನಾಳೆ ಸೊಸಿನ್ನ ಕಳಸ್ತೇನಿ. ಆ ಸೆಟ್ಟು ಇಲ್ಲಿ ಕೊಡ್ರಿ. ಕೂಸಿನ ತೊಟ್ಟಲ ಕಾರ್ಯಕ್ಕ ಬರೂ ಮುಂದ ತರ್ತೇನಿ."

ಮಾಸ್ತರು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಮಗಳಿಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು.

ಸೋಮವಾರ ಮಗಳು ಹಿಂದಿನ ಸೀಟಿನಲ್ಲಿ ಕೂತಳು, ನಾನು ಮುಂದೆ ಮಾಸ್ತರ ಪಕ್ಕ. ಮುಧೋಳದಿಂದ ಸಾವಳಗಿಯವರೆಗೆ ಎಷ್ಟು ತಗ್ಗು, ಎಷ್ಟು ಹಂಪ್! ಗಾಡಿ ತೊಟ್ಟಿಲಿನಂತೆ ಸಾಗಿತು. ಊರು ಹತ್ತಿರ ಬಂದಾಗ ಆಕೆ ಬೆರಗಿನಿಂದ ಕೇಳಿದಳು:

"ಮಿಸ್ತ್ರಿ ಕಾಕಾ, ಒಂಚೂರೂ ಶಬ್ದ ಇಲ್ಲಲ್ಲ! ಏನೇನ್ ಬಿಚ್ಚಿ ಸರಿ ಮಾಡಿದ್ರಿ?"

ಸುಳ್ಳು ಹೇಳಿದರೆ ಬೀರಪ್ಪ ಮೆಚ್ಚುವುದಿಲ್ಲ. ಖರೆ ಹೇಳಿದರೆ ಮಾಸ್ತರು ಮೆಚ್ಚುವುದಿಲ್ಲ.

"ಎಲ್ಲಾ ನಾನ ಬಿಚ್ಚಿದೆನವ್ವಾ," ಎಂದೆ. "ಕಡೀದೊಂದು ಮಾತ್ರ ನಿಮ್ಮ ಅತ್ತಿಯಾರ ಬಿಚ್ಚಿಸಿಕೊಂಡ್ರು."