ರನ್ನಿಂಗ್ ಬೋರ್ಡಿಗೆ ಹೊಸ ರಬ್ಬರು

ಮಾವ ಜಾರಿ ಬಿದ್ದದ್ದು ಅಳಿಯನ ಪಾಲಿಗೆ ಅದೃಷ್ಟವಾಯಿತು. ಹಾಗೆಂದು ಆತ ಬಾಯಿಬಿಟ್ಟು ಹೇಳಲಿಲ್ಲ. ಮಾವನ ಕಾಲಿಗೆ ಎಣ್ಣೆ ತಿಕ್ಕುವಾಗ ಮುಖವನ್ನು ಆದಷ್ಟು ಸಪ್ಪಗೆ ಇಟ್ಟುಕೊಂಡಿದ್ದ.

ಮಾವ ಬಿದ್ದದ್ದು ತಮ್ಮದೇ ಕಾರಿನಿಂದ. ಅದು ಅವರ ತಂದೆಯ ಕಾಲದ್ದು. ಬಾಗಿಲುಗಳ ಕೆಳಗೆ, ಮುಂದಿನ ಮಡ್‌ಗಾರ್ಡಿನಿಂದ ಹಿಂದಿನದರವರೆಗೆ, ಕಾಲಿಟ್ಟು ಹತ್ತಲು ಉದ್ದನೆಯ ತಗಡಿನ ಮೆಟ್ಟಿಲು. ರನ್ನಿಂಗ್ ಬೋರ್ಡ್ ಎನ್ನುವುದು ಅದಕ್ಕೇ. ಎರಡೂ ಕಡೆಯ ಬೋರ್ಡಿನ ಮೇಲಿದ್ದ ರಬ್ಬರು ಒಣಗಿ, ಬಿರಿದು, ಮರದ ತೊಗಟೆಯಂತೆ ಚೂರುಚೂರಾಗಿ ಉದುರಿಹೋಗಿತ್ತು. ಬರೀ ತಗಡಿನ ಮೇಲೆ ಮಾವ ಕಾಲಿಟ್ಟರು. ಕಾಲು ಒಂದು ದಿಕ್ಕಿಗೆ ಹೋಯಿತು, ಮಾವ ಇನ್ನೊಂದು ದಿಕ್ಕಿಗೆ. ಪಾದದ ಉಳುಕು ಕೆಲವೇ ದಿನಗಳಲ್ಲಿ ಬಿಟ್ಟಿತು. ಹೋದ ಧೈರ್ಯ ಮಾತ್ರ ತಿರುಗಿ ಬರಲಿಲ್ಲ. ಕಾರಿನ ಬಾಗಿಲು ತೆರೆದರೆ ಸಾಕು, ನೀರು ಕಂಡ ಬೆಕ್ಕಿನಂತೆ ಹಿಂದೆ ಸರಿಯುತ್ತಿದ್ದರು.

ಭಾನುವಾರ ಸಂಜೆ ಹಳೆಯ ಕಾರುಗಳ ಮೆರವಣಿಗೆಯಿತ್ತು. ಶನಿವಾರ ಊಟಕ್ಕೆ ಕೂತಾಗ ಮಾವ ಹೇಳಿದರು:

"ನೋಡಿ ಅಳಿಯಂದ್ರೇ, ಈ ಸಲ ನನ್ನ ಕೈಲಿ ಹತ್ತೋಕಾಗಲ್ಲ. ನೀವೇ ಓಡಿಸಿ. ಆದ್ರೆ ಅಷ್ಟರೊಳಗೆ ಎರಡೂ ಕಡೆ ರಬ್ಬರು ಕೂತಿರ್ಬೇಕು. ಬರೀ ತಗಡಿನ ಮೇಲೆ ನಮ್ಮನೆಯವರು ಯಾರೂ ಕಾಲಿಡೋದು ಬೇಡ."

ಅಳಿಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಆ ಕಾರಿನ ಸ್ಟೀರಿಂಗನ್ನು ಆತ ಒರೆಸಿದ್ದನೇ ಹೊರತು ಹಿಡಿದಿರಲಿಲ್ಲ. ಮೆರವಣಿಗೆಯಲ್ಲಿ ಆತನ ಜಾಗ ಹಿಂದಿನ ಸೀಟಿನ ಮೂಲೆ. ಮಾವನ ಮನೆಯಲ್ಲೇ ಇದ್ದುದರಿಂದ ಬೀದಿಗೆಲ್ಲ ಆತ 'ಅಳಿಯಂದ್ರು'. ಸ್ವಂತ ಹೆಸರಿನಿಂದ ಯಾರಾದರೂ ಕರೆಯಬೇಕಾದರೆ ಆಫೀಸಿಗೇ ಹೋಗಬೇಕಿತ್ತು. ಒಂದೇ ಒಂದು ಸಂಜೆ ಆ ಸ್ಟೀರಿಂಗ್ ಹಿಡಿದು ಬೀದಿಯ ಈ ತುದಿಯಿಂದ ಆ ತುದಿ ದಾಟಿದರೆ ಜನ್ಮ ಸಾರ್ಥಕ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಗೆರೆಗೆರೆಯ ಕಪ್ಪು ರಬ್ಬರಿನ ಸುರುಳಿ ಬಿಸಿಲಿಗೆ ಬಿಚ್ಚಿಟ್ಟು, ಮರಳು ಕಾಗದದಿಂದ ತಗಡಿನ ತುಕ್ಕು ಉಜ್ಜಿ, ಅಂಟಿನ ಡಬ್ಬದ ಮೇಲಿನ ಬರಹವನ್ನು ಓದಿದ. ರಬ್ಬರಿಗೂ ತಗಡಿಗೂ ತೆಳ್ಳಗೆ ಬಳಿಯಬೇಕು. ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಬೇಕು. ಆಮೇಲೆ ಒತ್ತಬೇಕು. ಹಾಗೆ ಕೂತದ್ದು ಮತ್ತೆ ಏಳುವುದಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಟೇಲರ್ ಮೇಷ್ಟ್ರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದರು.

"ಅಳತೆ ನನಗೆ ಬಿಡಿ ಅಳಿಯಂದ್ರೇ. ಕತ್ತರಿ ಹಿಡಿಯೋಕೂ ಒಂದು ಕೈ ಬೇಕು."

ಬೇಡ ಎನ್ನುವುದರೊಳಗೆ ಸೀಮೆಸುಣ್ಣದ ಗೆರೆ ಬಿದ್ದು, ರಬ್ಬರು ಎರಡು ತುಂಡಾಗಿತ್ತು. ಎರಡೂ ಬೋರ್ಡಿಗಿಂತ ಅಗಲ.

"ಮೇಷ್ಟ್ರೇ, ಜಾಸ್ತಿ ಆಯ್ತಲ್ಲ?"

"ಬೇಕೂಂತಾನೇ ಬಿಟ್ಟಿದ್ದೀನಿ. ಮುಂದೆ ದಪ್ಪ ಆದ್ರೆ ಬೇಕಾಗತ್ತೆ."

"ಯಾರು ದಪ್ಪ ಆಗೋದು?"

"ಕಾರು."

"ಕಾರು ದಪ್ಪ ಆಗಲ್ಲ ಮೇಷ್ಟ್ರೇ."

"ನನ್ನ ಗಿರಾಕಿಗಳೆಲ್ಲ ಹಾಗೇ ಹೇಳ್ತಾರೆ" ಎಂದರು ಅವರು ಶಾಂತವಾಗಿ.

ಹೆಚ್ಚಾದದ್ದನ್ನು ಕೊನೆಯಲ್ಲಿ ಕತ್ತರಿಸಿದರಾಯಿತೆಂದು ಅಳಿಯ ಅಂಟು ಬಳಿದು ಕಾಯುತ್ತ ಕೂತ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಅದನ್ನು ನೋಡಲಾಗಲಿಲ್ಲ.

"ಏನ್ರೀ ಇದು! ಅಲ್ಲಿ ಅಂಟು ಒಣಗ್ತಾ ಇದೆ, ನೀವು ಕೈ ಕಟ್ಕೊಂಡು ಕೂತಿದ್ದೀರಲ್ಲ!"

"ಒಣಗಲಿ ಅಂತಾನೇ ಕೂತಿರೋದು ಸಾರ್."

"ನನ್ನ ಸರ್ವಿಸಿನಲ್ಲಿ ಒಣಗಿದ ಅಂಟಿನ ಮೇಲೆ ಒಂದು ಸ್ಟಾಂಪೂ ಕೂತಿಲ್ಲ. ಹಿಡೀರಿ ಮೇಷ್ಟ್ರೇ ಆ ಕಡೆ!"

ಇಬ್ಬರೂ ತಲಾ ಒಂದು ತುದಿ ಹಿಡಿದು ರಬ್ಬರನ್ನು ಹಸಿ ಅಂಟಿನ ಮೇಲೆ ಹಾಕಿಯೇಬಿಟ್ಟರು. ಅದು ಸೋಪು ಹಚ್ಚಿದ ಮಗುವಿನಂತೆ ಜಾರಾಡಿತು. ಹಿಂದಕ್ಕೆ ಎಳೆದರೆ ಮುಂದೆ ಸಾಲದು, ಮುಂದಕ್ಕೆ ಎಳೆದರೆ ಹಿಂದೆ ಸಾಲದು. ನಡುವೆ ಒಂದು ಗಾಳಿಗುಳ್ಳೆ ಎದ್ದಿತು. ಪೋಸ್ಟ್‌ಮಾಸ್ಟರು ಮುದ್ರೆ ಒತ್ತುವ ಗತ್ತಿನಲ್ಲಿ ಅದನ್ನು ಗುದ್ದಿದರು. ಗುಳ್ಳೆ ಕಂಬಳಿಯೊಳಗಿನ ಇಲಿಯಂತೆ ಓಡಿ ಮೇಷ್ಟ್ರ ಮುಂದೆ ಎದ್ದಿತು. ಮೇಷ್ಟ್ರು ಗುದ್ದಿದರು, ಅದು ಮತ್ತೆ ಪೋಸ್ಟ್‌ಮಾಸ್ಟರ ಕಡೆಗೆ ಬಂತು. ಗುದ್ದಿದಾಗಲೆಲ್ಲ ಅಂಚಿನಿಂದ ಚಿಮ್ಮಿದ ಅಂಟು ಅಳಿಯನ ಪ್ಯಾಂಟಿಗೆ ಬೀಳುತ್ತಿತ್ತು.

ಗದ್ದಲ ಕೇಳಿ ಹೊರಗೆ ಬಂದ ಹೆಂಡತಿ ಒಂದು ಕ್ಷಣ ನೋಡಿದಳು.

"ಮೇಷ್ಟ್ರೇ, ಸಾರ್, ಒಳಗೆ ಬನ್ನಿ. ಇಸ್ಪೀಟಿಗೆ ಜನ ಇಲ್ಲ ಅಂತ ಅಪ್ಪ ಒಬ್ಬರೇ ಎಲೆ ಕಲಸ್ತಾ ಕೂತಿದ್ದಾರೆ."

ಇಬ್ಬರೂ ಕೈ ಒರೆಸಿಕೊಂಡು ಹೋದರು. ಬೀದಿಗೆ ಶಾಂತಿ ಬಂತು.

ಗಂಡ ಹೆಂಡತಿ ಸೇರಿ ಹಸಿ ರಬ್ಬರನ್ನು ಎಬ್ಬಿಸಿ, ಪೆಟ್ರೋಲಿನಲ್ಲಿ ಒರೆಸಿ, ಕೆಲಸವನ್ನು ಮೊದಲಿನಿಂದ ಹಿಡಿದರು. ತೆಳ್ಳಗೆ ಬಳಿದರು, ಕಾದರು, ಬೆರಳಿಟ್ಟು ನೋಡಿದರು. ತಗಡಿಗೂ ರಬ್ಬರಿಗೂ ನಡುವೆ ಹಳೆಯ ಪತ್ರಿಕೆ ಹಾಸಿ, ಅದನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತ ರಬ್ಬರನ್ನು ಒತ್ತುತ್ತ ಬಂದರು. ಎಡಗಡೆಯದು ತಾನು ಹುಟ್ಟಿದ್ದೇ ಅಲ್ಲಿ ಎನ್ನುವಂತೆ ಕೂತಿತು.

ಬಲಗಡೆಯದಕ್ಕೆ ಅಂಟು ಬಳಿದು ನೆಲದ ಮೇಲೆ ಒಣಗಲು ಬಿಟ್ಟಿದ್ದರು. ತಗಡು ಒಣಗಿತೇ ಎಂದು ನೋಡಲು ಬಗ್ಗಿದ ಅಳಿಯ ಆ ರಬ್ಬರಿನ ಮೇಲೆಯೇ ಮಂಡಿಯೂರಿದ. ಪ್ಯಾಂಟಿನ ಮೇಲೆ ಬೆಳಗಿನ ಅಂಟು ಒಣಗಿತ್ತು, ರಬ್ಬರಿನ ಮೇಲೆ ಈಗಿನದು ಒಣಗಿತ್ತು. ಡಬ್ಬ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಏಳಿ ರೀ."

"ಏಳೋಕಾಗ್ತಿಲ್ಲ ಕಣೇ."

ಹೆಂಡತಿ ಬಗ್ಗಿ ನೋಡಿದಳು. "ಎಳೆದ್ರೆ ರಬ್ಬರು ಹರಿಯತ್ತೆ. ಪ್ಯಾಂಟು ಬಿಚ್ಚಿ."

"ಬಿಚ್ಚೋದಾ? ಬೀದೀಲಾ?"

"ಕಾರು ಓಡಿಸ್ಬೇಕೋ ಬೇಡ್ವೋ?"

ಓಡಿಸಬೇಕಿತ್ತು. ಪುಣ್ಯಕ್ಕೆ ಮೇಷ್ಟ್ರು ಕತ್ತರಿ ಬಿಟ್ಟು ಹೋಗಿದ್ದರು. ಹೆಂಡತಿ ಮಂಡಿಯ ಸುತ್ತ ದುಂಡಗೆ ಕತ್ತರಿಸಿ ಗಂಡನನ್ನು ಬಿಡಿಸಿದಳು. ಅಂಟಿಕೊಂಡ ಬಟ್ಟೆಯನ್ನು ಎಳೆಎಳೆಯಾಗಿ ಕಿತ್ತು, ಆ ಜಾಗಕ್ಕೆ ಮತ್ತೆ ಅಂಟು ಬಳಿದು, ಮತ್ತೆ ಕಾದು, ಅದನ್ನೂ ಕೂರಿಸಿದರು. ಕೊನೆಗೆ ಮೇಷ್ಟ್ರ ಉದಾರತೆಯನ್ನು ಚಾಕುವಿನಿಂದ ನೀಟಾಗಿ ಕತ್ತರಿಸಿ ತೆಗೆದು, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಬಿಗಿದರು. ಅಳಿಯ ಹತ್ತಿ ಕುಣಿದ. ಕಾರು ಅಲ್ಲಾಡಿತು, ರಬ್ಬರು ಅಲ್ಲಾಡಲಿಲ್ಲ.

ಹೊತ್ತು ಮೀರುತ್ತಿತ್ತು. ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು, ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಹೊರಬಂದರೆ ಮಾವ, ಇಸ್ಪೀಟಿನ ಗೆಳೆಯರೊಂದಿಗೆ, ಬೋರ್ಡಿನ ಮುಂದೆ ನಿಂತಿದ್ದರು.

"ಗಟ್ಟಿಯಾಗಿ ಕೂತಿದ್ಯೇನ್ರೀ?"

ಹೆಮ್ಮೆ ಅಳಿಯನ ನೆತ್ತಿಗೇರಿತು. "ನೀವೇ ಕಾಲಿಟ್ಟು ನೋಡಿ ಮಾವ. ಆನೆ ಹತ್ತಿದ್ರೂ ಜಾರಲ್ಲ."

ಮಾವ ಬಿಸಿನೀರಿಗೆ ಬೆರಳದ್ದುವಂತೆ ಹೆಬ್ಬೆರಳಿಟ್ಟರು. ಆಮೇಲೆ ಇಡೀ ಪಾದ. ಆಮೇಲೆ, ಬಾಗಿಲು ಹಿಡಿದು, ಇನ್ನೊಂದು ಪಾದ. ಜಾರಲಿಲ್ಲ. ಇಳಿದು ಮತ್ತೆ ಹತ್ತಿದರು. ಬಾಗಿಲು ಬಿಟ್ಟು ನಿಂತರು. ಇಷ್ಟು ದಿನ ಇಂಗು ತಿಂದ ಮಂಗನಂತಿದ್ದ ಮುಖ ನಿಧಾನವಾಗಿ ಅರಳಿತು.

"ಆಹಾ! ಎಂಥ ಹಿಡಿತ ರೀ!"

ಹಾಗೆನ್ನುತ್ತಲೇ ಚಾಲಕನ ಸೀಟಿಗೆ ಜಾರಿ ಕೂತು ಕೈ ಚಾಚಿದರು. "ಕೀಲಿ ಕೊಡಿ."

"ಮಾವ, ನಿಮ್ಮ ಕಾಲು..."

"ಕಾಲಿಗೇನಾಗಿದೆ? ಹತ್ತೋಕೆ ಭಯ ಆಗ್ತಿತ್ತು ಅಷ್ಟೆ. ಅದು ಈಗ ಹೋಯ್ತಲ್ಲ. ಎಲ್ಲಾ ನಿಮ್ಮ ಕೈಗುಣ!"

ಅಳಿಯ ಕೀಲಿ ಕೊಟ್ಟ. ಮಗಳು ಅಪ್ಪನ ಪಕ್ಕ ಕೂತಳು. ಹಿಂದಿನ ಸೀಟಿನಲ್ಲಿ ಮೇಷ್ಟ್ರೂ ಪೋಸ್ಟ್‌ಮಾಸ್ಟರೂ ಆಗಲೇ ಕೂತಾಗಿತ್ತು. "ನಾವೂ ಬೆಳಿಗ್ಗೆಯಿಂದ ದುಡಿದಿದ್ದೀವಿ" ಎಂದರು ಪೋಸ್ಟ್‌ಮಾಸ್ಟರು.

"ಮತ್ತೆ ನಾನು?"

"ನೀವು ಸ್ಕೂಟರಲ್ಲಿ ಹಿಂದೇನೇ ಬನ್ನಿ" ಎಂದರು ಮಾವ ವಿಶ್ವಾಸದಿಂದ. "ಅಂಟಿನ ಡಬ್ಬ ಮರೀಬೇಡಿ. ಹೊಸ ಕೆಲಸ ನೋಡಿ. ದಾರೀಲಿ ಎಲ್ಲಾದ್ರೂ ರಬ್ಬರು ಎದ್ರೆ, ಕಾರು ನಿಲ್ಲಿಸಿ ನಿಮ್ಮನ್ನೇ ಕರೀತೀನಿ."

ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ, "ರೀ, ಹೊಗೆ ಜಾಸ್ತಿ, ಸ್ವಲ್ಪ ದೂರದಲ್ಲಿ ಬನ್ನಿ" ಎಂದಳು.

ಕಾರು ಕೆಮ್ಮಿ ಹೊರಟಿತು. ಬೀದಿಯ ಎರಡೂ ಕಡೆ ನಿಂತ ಜನ ಮಾವನಿಗೆ ಕೈ ಬೀಸಿದರು. ಕಾಲುಗಳ ನಡುವೆ ಡಬ್ಬ ಇಟ್ಟುಕೊಂಡು ಹೊಗೆಯಲ್ಲಿ ಹಿಂಬಾಲಿಸಿದ ಅಳಿಯನ ಕಣ್ಣು ಜನರ ಮೇಲಿರಲಿಲ್ಲ, ರಬ್ಬರಿನ ಮೇಲಿತ್ತು. ಎಲ್ಲಾದರೂ ಒಂದು ಮೂಲೆ ಎದ್ದೀತೇ ಎಂದು ದಾರಿಯುದ್ದಕ್ಕೂ ಆಸೆಯಿಂದ ನೋಡಿದ.

ಏಳಲಿಲ್ಲ.