ಸೊಂಟಕ್ಕೆ ಮುಂಬಾಗಿಲೋ, ಹಿಂಬಾಗಿಲೋ?

"ಸೊಂಟದ ಕೀಲು ಪೂರ್ತಿ ಸವೆದಿದೆ, ಬದಲಾಯಿಸಲೇಬೇಕು" ಎಂದು ಮೂಳೆ ವೈದ್ಯೆ ಹೇಳಿದಾಗ ವಿಲ್ಬೆರ್ತ್ ಕನ್ಚೆಯನ್ನು ನೋವಿಗಿಂತ ಹೆಚ್ಚಾಗಿ ಕಾಡಿದ್ದು ಒಂದೇ ಪ್ರಶ್ನೆ: ಕೀಲಿನ ತನಕ ಹೋಗುವುದು ಯಾವ ಕಡೆಯಿಂದ?

ಮೆರಿದಾ ನಗರದಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹಿಂಬಾಗಿಲಿನಿಂದ ಹತ್ತಿದವರನ್ನು ಕೆಳಗಿಳಿಸಿ ಮುಂಬಾಗಿಲಿನಿಂದಲೇ ಹತ್ತಿಸಿದ ನಿಷ್ಠಾವಂತ. ಸ್ವಂತ ಅತ್ತೆಯನ್ನೂ ಬಿಟ್ಟವನಲ್ಲ. (ಆಕೆ ಮತ್ತೆಂದೂ ಅವನ ಬಸ್ಸು ಹತ್ತಲಿಲ್ಲ. ಆ ನಿಷ್ಠೆಗೆ ಸಿಕ್ಕ ಏಕೈಕ ಬಹುಮಾನ ಅದು.) ಅವನಿಗಿದ್ದ ದೌರ್ಬಲ್ಯವೂ ಒಂದೇ. ಯಾರಾದರೂ ಮೆತ್ತಗೆ ಮಾತಾಡುತ್ತಿದ್ದರೆ ಸಾಕು, ಕಣ್ಣು ತೆರೆದುಕೊಂಡೇ ಕನಸಿಗೆ ಜಾರಿಬಿಡುತ್ತಿದ್ದ. (ಅಷ್ಟು ವರ್ಷ ಬಸ್ಸು ಹೇಗೆ ಓಡಿಸಿದನೋ, ಪ್ರಯಾಣಿಕರ ಪುಣ್ಯ!)

ಅಂದಿನಿಂದ ವಿಲ್ಬೆರ್ತ್ ನೂಲಿನ ಜೋಲಿಯಲ್ಲಿ ತೂಗಿಕೊಳ್ಳುತ್ತ, ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಮಹಾಸಂಶೋಧನೆ ನಡೆಸಿದ. ಒಂದು ಮಧ್ಯಾಹ್ನ ಸೂಪಿಗೆಂದು ಬೇಯಿಸಿಟ್ಟಿದ್ದ ಕೋಳಿಯ ತೊಡೆಯನ್ನೆತ್ತಿಕೊಂಡು ಹೆಂಡತಿ ನೆಲ್ಮಿಗೆ ಉಪನ್ಯಾಸ ಶುರು ಮಾಡಿದ.

"ನೋಡೇ, ಮುಂದಿನಿಂದ ಹೋದ್ರೆ ಸ್ನಾಯುಗಳನ್ನ ಪರದೆ ಸರಿಸಿದ ಹಾಗೆ ಸರಿಸಿ ಒಳಗೆ ಹೋಗ್ತಾರೆ. ಬೇಗ ಎದ್ದು ಓಡಾಡಬಹುದು. ತೊಡೆ ಸ್ವಲ್ಪ ಜೋಮು ಹಿಡಿಯಬಹುದು, ಅಷ್ಟೇ. ಪಕ್ಕದಿಂದ ಹೋದ್ರೆ ಕೆಲವರಿಗೆ ಕುಂಟು ಉಳಿಯುತ್ತಂತೆ. ಹಿಂದಿನಿಂದ ಹೋದ್ರೋ, ಸಣ್ಣ ಸ್ನಾಯುಗಳನ್ನ ಕುಯ್ದು ಮತ್ತೆ ಹೊಲೀತಾರೆ. ಆಮೇಲೆ ಬಗ್ಗಬೇಡ, ಕಾಲ್ ಮೇಲೆ ಕಾಲು ಹಾಕಬೇಡ, ಜೋಲೀಲಿ ಮಲಗಬೇಡ! ಅದೂ ಒಂದು ಬದುಕಾ?"

"ಕೋಳಿ ಕೆಳಗಿಡ್ರೀ."

"ನಿನಗೆ ವಿಜ್ಞಾನದ ಮೇಲೆ ಗೌರವವೇ ಇಲ್ಲ."

"ಸೂಪಿನ ಮೇಲಿದೆ. ಹೋದ ವರ್ಷದಿಂದ ಹೋಲಿಸ್ತಾನೇ ಇದ್ದೀರಲ್ಲ, ನಿಮಗೆ ಭಯ ಅಂತ ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ."

ವಿಲ್ಬೆರ್ತ್ ಕೋಳಿ ಕೆಳಗಿಟ್ಟ. ಭಯ ಇದ್ದದ್ದು ನಿಜ. ಅರಿವಳಿಕೆಯ ಮಂಪರಿನಿಂದ ಏಳದೇ ಹೋದರೆ ಎಂಬ ಯೋಚನೆ ಜೋಲಿಯ ಜೊತೆಗೇ ಅತ್ತಿಂದಿತ್ತ ತೂಗುತ್ತಿತ್ತು. ಅದನ್ನು ಹೆಂಡತಿಗೆ ಹೇಳುವುದು ಹೇಗೆ? ಸ್ನಾಯುಗಳ ವಿಷಯ ಮಾತಾಡುವುದೇ ಸುಲಭ.

ಕೊನೆಗೆ ನೆಲ್ಮಿಯೇ ಅವನನ್ನು ಆ ಮೂಳೆ ವೈದ್ಯೆಯ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರ್ ಇತ್ಸೆಲ್ ಪೆನಿಚೆಯದು ಜೇನಿನಂಥ ದನಿ. ತಲೆಯ ಮೇಲೆ ಫ್ಯಾನು ಮೆಲ್ಲಗೆ ಸುತ್ತುತ್ತಿತ್ತು. "ಮುಂದಿನಿಂದಲೇ ಆಗಬೇಕು" ಎಂದು ವಿಲ್ಬೆರ್ತ್ ಘೋಷಿಸಿದ. ವೈದ್ಯೆ ನಸುನಕ್ಕು ಏನೋ ವಿವರಿಸತೊಡಗಿದಳು. ಆಗಲೇ ಗೋಡೆಗಳು ಕರಗಿದವು. ಚರ್ಚಿನ ಮುಂದಿನ ಚೌಕದಲ್ಲಿ ತುತ್ತೂರಿ ಮೊಳಗಿತು. ಕಸೂತಿ ಹಾಕಿದ ಬಿಳಿ ಲಂಗದ ನೆಲ್ಮಿ, ಬಿಳಿ ಅಂಗಿಯ ತಾನು, ಇಬ್ಬರೂ ಕುಣಿಯುತ್ತಿದ್ದಾರೆ. ಹೊಸ ಕೀಲು ಬೆಣ್ಣೆಯ ಹಾಗೆ ಜಾರುತ್ತಿದೆ, ಪಾದಗಳು ನೆಲಕ್ಕೆ ತಾಗುತ್ತಲೇ ಇಲ್ಲ...

"ಏನಂತೀರಾ ದೋನ್ ವಿಲ್ಬೆರ್ತ್? ಒಪ್ಪಿಗೆನಾ?"

"ಹೂಂ. ಹಾಗೇ ಆಗಲಿ ಡಾಕ್ಟ್ರೇ."

ನೆಲ್ಮಿ ಬಾಯಿ ತೆರೆದು ಅವನನ್ನೇ ನೋಡಿದಳು. ತನ್ನ ಧೈರ್ಯಕ್ಕೆ ಬೆರಗಾಗಿದ್ದಾಳೆ ಎಂದುಕೊಂಡ ವಿಲ್ಬೆರ್ತ್ ಮೀಸೆ ತೀಡಿಕೊಂಡ.

ಮರುದಿನ ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿಯಿತು. ಕಣ್ಣು ಬಿಟ್ಟಾಗ ನೆಲ್ಮಿ ಅವನ ಕೈ ಹಿಡಿದು ಕೂತಿದ್ದಳು, ಮೂಗು ಕೆಂಪಾಗಿತ್ತು. "ನೆಗಡಿ" ಅಂದಳು, ಅವನು ಕೇಳುವ ಮೊದಲೇ.

ಸಂಜೆ ನೆಲ್ಮಿಯ ತಮ್ಮ ಗಾಸ್ಪರ್ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. ಅವನ ಸೊಂಟವೂ ಕಿರುಗುಟ್ಟತೊಡಗಿತ್ತು.

"ಭಾವ, ನೋವು ಜಾಸ್ತೀನಾ?"

"ನೋವೇ? ಎಲ್ಲಿಯ ನೋವು?" ವಿಲ್ಬೆರ್ತ್ ದಿಂಬಿಗೊರಗಿ ಆಸ್ಥಾನ ವಿದ್ವಾಂಸನಾದ. "ಮುಂದಿನಿಂದ ಮಾಡಿಸಿಕೊಂಡಿದ್ದರ ಮಹಿಮೆ ಕಣೋ! ಹಿಂದಿನಿಂದ ಮಾಡಿಸಿದ್ರೆ ಈ ಹೊತ್ತಿಗೆ ಕಿರುಚ್ತಾ ಇರ್ತಿದ್ದೆ. ನನ್ನ ಹಿಂಭಾಗ ನೋಡು, ಹುಟ್ಟಿದ ದಿನ ಹೇಗಿತ್ತೋ ಹಾಗೇ ಇದೆ!"

ನೆಲ್ಮಿ ತಲೆ ಬಗ್ಗಿಸಿ ಕಿತ್ತಳೆ ಸುಲಿಯುತ್ತಿದ್ದಳು. ಮುಂಬಾಗಿಲಿನ ಗುಣಗಾನ ಮುಗಿಲು ಮುಟ್ಟಿದ್ದಾಗಲೇ ನರ್ಸ್ ಒಳಗೆ ಬಂದಳು.

"ಸ್ವಲ್ಪ ಪಕ್ಕಕ್ಕೆ ಹೊರಳ್ತೀರಾ? ಗಾಯ ಹಿಂದ್ಗಡೆ ಇದೆ, ನೋಡಬೇಕು."

"ಹಿಂದ್ಗಡೆನಾ?" ವಿಲ್ಬೆರ್ತನ ದನಿ ಕೀರಲಾಯಿತು. "ಯಾರದ್ದು?"

ಗಾಸ್ಪರ್ ಬಗ್ಗಿ ನೋಡಿ, ಬಾಯಿಗೆ ಟೋಪಿ ಅಡ್ಡ ಹಿಡಿದ.

"ಡಾಕ್ಟ್ರು ಎಲ್ಲಾ ಬಿಡಿಸಿ ಹೇಳಿದ್ರಲ್ರೀ," ನೆಲ್ಮಿ ಹೇಳಿದಳು. "ಹಿಂದಿನಿಂದ ಮಾಡಿ ಮಾಡಿ ಅವರ ಕೈ ಪಳಗಿದೆಯಂತೆ. ವರ್ಷ ಕಳೆಯೋದ್ರೊಳಗೆ ಯಾವ ಕಡೆಯಿಂದ ಮಾಡಿಸಿಕೊಂಡವ್ರೂ ಒಂದೇ ಥರ ನಡೀತಾರಂತೆ. ಮುಂದಿನಿಂದಲೇ ಬೇಕು ಅಂದ್ರೆ ಬೇರೆ ಡಾಕ್ಟ್ರ ಹತ್ರ ಕಳಿಸ್ತೀನಿ, ಇಲ್ಲಾಂದ್ರೆ ನಾಳೆ ಹಿಂದಿನಿಂದ ನಾನೇ ಮಾಡ್ತೀನಿ, ಒಪ್ಪಿಗೆನಾ ಅಂದ್ರು. ನೀವು 'ಹೂಂ, ಹಾಗೇ ಆಗಲಿ' ಅಂದ್ರಿ. ಮದುವೆಯಾದಾಗಿಂದ ವಾದ ಮಾಡದೆ ಒಪ್ಪಿಕೊಂಡಿದ್ದು ಅದೊಂದೇ ಸಲ. ಮಧ್ಯೆ ಬಾಯಿ ಹಾಕೋಕೆ ನನಗೇನು ಹುಚ್ಚಾ?"

"ಮತ್ತೆ ಇಷ್ಟೊತ್ತು ಸುಮ್ನೆ ಕೂತಿದ್ದೆಯಲ್ಲೇ!"

"ಎಷ್ಟು ಚೆನ್ನಾಗಿ ಮಾತಾಡ್ತಿದ್ರಿ! ಕೇಳ್ತಾ ಕೇಳ್ತಾ ನನಗೂ ಒಂದು ಥರ ಕನಸು ಬಿದ್ದ ಹಾಗಾಯ್ತು."

ಗಾಸ್ಪರ್ ಕಣ್ಣೊರೆಸಿಕೊಂಡ. "ಹಾಗಾದ್ರೆ ನಾನು ಯಾವ ಕಡೆಯಿಂದ ಮಾಡಿಸಲಿ ಭಾವ?"

ವಿಲ್ಬೆರ್ತ್ ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡು, "ನಿನ್ನಕ್ಕನ್ನ ಕೇಳು," ಎಂದ.