ರೀಸ್ಟಾರ್ಟ್ ಆಗುವಷ್ಟು ಹೊತ್ತು

ನನ್ನ ಕಿವಿಗೆ ಹಿನಕಲ್‌ನಲ್ಲಿ ಒಳ್ಳೆಯ ಹೆಸರಿದೆ. ನಮ್ಮ ಬೀದಿಯಲ್ಲಿ ಯಾರಿಗೆ ಸೊಸೆಯ ಮೇಲೆ ಸಿಟ್ಟು ಬಂದರೂ, ಯಾರಿಗೆ ಮಂಡಿ ಹಿಡಿದುಕೊಂಡರೂ ಮೊದಲು ನನ್ನ ಹತ್ತಿರ ಬರುತ್ತಾರೆ, ಆಮೇಲೆ ಡಾಕ್ಟರ ಹತ್ತಿರ ಹೋಗುತ್ತಾರೆ. ಹಾಲಿನ ಕೆಂಪಯ್ಯನಂತೂ ಅರ್ಧ ಲೀಟರು ಹಾಲು ಅಳೆಯುವಷ್ಟರಲ್ಲಿ ಎರಡು ಲೀಟರು ಕಷ್ಟ ಹೇಳಿಕೊಳ್ಳುತ್ತಾನೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, 'ಆಮೇಲೆ?' ಎಂದು ಕೂಡ ಕೇಳುವುದಿಲ್ಲ. ಹೇಳುವವರು ತಾವಾಗಿ ಹೇಳಬೇಕು, ಕೆದಕಬಾರದು ಎಂಬುದು ನನ್ನ ನೇಮ. ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ. ಅದರೊಳಗೆ ಒಂದು ಮಾತನ್ನೂ ಹಾಕದವರು ಊರಲ್ಲೆಲ್ಲ ಒಬ್ಬರೇ, ನಮ್ಮ ಯಜಮಾನರು.

ಮಹದೇವಪ್ರಸಾದರು ಕೆಟ್ಟವರೆಂದು ತಿಳಿಯಬೇಡಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೋಪವಿಲ್ಲ. ಮಾತೂ ಇಲ್ಲ. 'ಕಾಫಿ', 'ಉಪ್ಪು', 'ಹ್ಞೂಂ' ಎಂಬ ಮೂರು ಶಬ್ದಗಳಲ್ಲಿ ದಿನ ದೂಡಬಲ್ಲ ಮಹಾನುಭಾವರು. (ಹಬ್ಬದ ದಿನ 'ಪಾಯಸ' ಸೇರುತ್ತದೆ.) ನಜರ್‌ಬಾದಿನ ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡಿ ಹೋದ ವರ್ಷ ನಿವೃತ್ತರಾದರು. ಊರಿನವರ ಮಾತೆಲ್ಲ ಸಾಲು ಸಾಲಾಗಿ ಜೋಡಿಸಿ ಜೋಡಿಸಿ ಇವರ ಪಾಲಿನದು ಖರ್ಚಾಗಿ ಹೋಯಿತೋ ಏನೋ.

ಪ್ರೆಸ್ಸಿನಲ್ಲಿ ಅವರು ಇಪ್ಪತ್ತೆರಡು ವರ್ಷ ಕೂತಿದ್ದು ಮ್ಯಾಕ್ ಕಂಪ್ಯೂಟರಿನ ಮುಂದೆ. ಮನೆಗೆ ಬಂದ ಮೇಲೆ ಬೇರೆ ಯಾವ ಕಂಪ್ಯೂಟರು ಮುಟ್ಟಿದರೂ ಅವರ ಬೆರಳು ತಡಕಾಡುತ್ತಿದ್ದವು, ಬಾಡಿಗೆ ಮನೆಯಲ್ಲಿ ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ. ಆದ್ದರಿಂದ ಒಂದು ದಿನ ಅವರೇ ನಾಲ್ಕು ಅಂಗಡಿಯಿಂದ ನಾಲ್ಕು ಭಾಗ ತಂದು, ಊಟದ ಮೇಜಿನ ಮೇಲೆ ಹರಡಿ, ಒಂದು ಕಂಪ್ಯೂಟರು ಕಟ್ಟಿ, ಅದರೊಳಗೆ ಮ್ಯಾಕನ್ನು ನಡೆಸುವ ತಂತ್ರಾಂಶ, ಮ್ಯಾಕ್‌ಓಎಸ್, ಕೂರಿಸಿದರು. 'ಮ್ಯಾಕಿನವರ ಪೆಟ್ಟಿಗೆಯಲ್ಲದ ಪೆಟ್ಟಿಗೆಯಲ್ಲಿ ಅದನ್ನ ಹಾಕಬಾರದಂತಲ್ಲ ರೀ?' ಎಂದೆ. 'ಹ್ಞೂಂ' ಎಂದರು. ಮುಂದೆ ನಾನು ಕೆದಕಲಿಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಇದು ಬೇರೆ ಮಠದ ಸ್ವಾಮಿಗಳನ್ನು ಕರೆತಂದು ನಮ್ಮ ಮಠದ ಪೀಠದ ಮೇಲೆ ಕೂರಿಸಿದ ಹಾಗೆ. ಸ್ವಾಮಿಗಳು ಬಂದರು, ಕೂತರು, ಬೆಳಗಿದರು. ಬಾಯಿ ಮಾತ್ರ ಬಿಡಲಿಲ್ಲ. ಚಿತ್ರ ಬರುತ್ತದೆ, ಅಕ್ಷರ ಬರುತ್ತದೆ, ಧ್ವನಿ ಇಲ್ಲ. ಪರದೆಯ ಮೂಲೆಯಲ್ಲಿ ಸ್ಪೀಕರಿನ ಗುರುತಿಗೆ ಅಡ್ಡಗೆರೆ ಬಿದ್ದಿತ್ತು. ಮನೆಯಲ್ಲಿ ಮೌನವ್ರತದವರು ಈಗ ಇಬ್ಬರಾದರು.

ಆಗ ನಡೆಯಿತು ನೋಡಿ ಪವಾಡ. ಯಜಮಾನರು ಮಾತಾಡತೊಡಗಿದರು. ಕಂಪ್ಯೂಟರಿನ ಜೊತೆ!

"ಯಾಕೋ ಮರಿ? ಏನಾಯ್ತೋ? ಎಲ್ಲೋ ನೋವು?"

ನಾನು ಚಿಕೂನ್‌ಗುನ್ಯ ಬಂದು ಹದಿನೈದು ದಿನ ಮಲಗಿದ್ದಾಗ ಕೇಳದ ಪ್ರಶ್ನೆಗಳು ಇವು. ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದವಳಿಗೆ ಆ ಡಬ್ಬಿಯ ಮೇಲೆ ಹೊಟ್ಟೆಕಿಚ್ಚೇ ಬಂತು.

ಆದರೆ ದೇವರು ದೊಡ್ಡವನು. ಯಜಮಾನರು ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಪರದೆ ನೋಡಬಾರದು, ಸಣ್ಣ ಅಕ್ಷರ ಓದಲೇಬಾರದು ಎಂದು ಡಾಕ್ಟರ ಆಜ್ಞೆ.

"ಭಾಗ್ಯ, ಸ್ವಲ್ಪ ಬಾ ಇಲ್ಲಿ. ಇದೇನು ಬರೆದಿದೆ ಓದು" ಎಂದರು.

ಒಂದೇ ಸಲಕ್ಕೆ ಏಳು ಶಬ್ದ! ಕೈ ಒರೆಸಿಕೊಳ್ಳದೆ ಓಡಿದೆ.

ನಾನು ಹತ್ತನೇ ಕ್ಲಾಸಿನವಳು. ಇಂಗ್ಲಿಷನ್ನು ಔಷಧಿ ಚೀಟಿ, ಮಿಕ್ಸಿ ಜೊತೆ ಬಂದ ಪುಸ್ತಕ ಓದಿ ಕಲಿತವಳು. ಹಾಗಾಗಿ ಅರ್ಥವಾಗದ್ದಕ್ಕೆ ಹೆದರುವ ಅಭ್ಯಾಸವಿಲ್ಲ. ಓದಿ ಓದಿ ನನಗೆ ತಿಳಿದದ್ದು ಇಷ್ಟು: ಧ್ವನಿಯ ಚಿಪ್ಪಿಗೆ ಹದಿನೆಂಟು ಸಂಖ್ಯೆಗಳ ಒಂದು ಪಟ್ಟಿ ಇರುತ್ತದೆ. ಒಂದು, ಎರಡು, ಮೂರು, ಐದು ಎಂದು ಶುರುವಾಗಿ ತೊಂಬತ್ತೊಂಬತ್ತರವರೆಗೆ. ಅದರಲ್ಲಿ ಯಾವುದೋ ಒಂದು ನಮ್ಮ ಡಬ್ಬಿಗೆ ಒಪ್ಪುತ್ತದೆ. ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಒಂದು ಕಡತ ತೆರೆದು ಸಂಖ್ಯೆ ಬದಲಾಯಿಸಬೇಕು, ಉಳಿಸಬೇಕು, ರೀಸ್ಟಾರ್ಟ್ ಮಾಡಬೇಕು, ನೋಡಬೇಕು. ಬರದಿದ್ದರೆ ಮುಂದಿನದು. ನನಗೆ ಇದೇನೂ ಹೊಸದೆನಿಸಲಿಲ್ಲ. ಜಪವೂ ಹೀಗೆಯೇ ಅಲ್ಲವೇ? ಒಲಿಯುವವರೆಗೆ ಎಣಿಸುತ್ತಾ ಹೋಗುವುದು. ನಾನು ದಿನಾ 'ಓಂ ನಮಃ ಶಿವಾಯ' ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ ಹದಿನೆಂಟನ್ನೂ ಬರೆದುಕೊಂಡೆ. ಸೋತ ಸಂಖ್ಯೆಗೆ ಅಡ್ಡಗೆರೆ. ಡಾಕ್ಟರ ಮಾತಿನಂತೆ ದಿನಕ್ಕೆ ಎರಡೇ ಸಂಖ್ಯೆ, ಸಂಜೆ ದೀಪ ಹಚ್ಚಿದ ಮೇಲೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಆ ಡಬ್ಬಿಯೊಳಗಿದ್ದದ್ದು ಹಳೇ ಹಾರ್ಡ್‌ಡಿಸ್ಕ್. ರೀಸ್ಟಾರ್ಟ್ ಆಗಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಮಾಡಲು ಏನೂ ಇಲ್ಲ. ಕಪ್ಪು ಪರದೆ ನೋಡುತ್ತಾ ಇಬ್ಬರೂ ಅಕ್ಕಪಕ್ಕ ಕೂರಬೇಕು. ಮೊದಲನೇ ಸಂಖ್ಯೆಗೆ ಅವರು ಗಂಟಲು ಸರಿಮಾಡಿಕೊಂಡರು. ಎರಡನೆಯದಕ್ಕೆ, "ಪ್ರೆಸ್ಸಲ್ಲಿ ಒಂದ್ಸಲ ಹೀಗೇ ಆಗಿತ್ತು ಕಣೇ" ಎಂದರು.

ಒಂದು ಮದುವೆ ಕರೆಯೋಲೆಯಲ್ಲಿ ವಧುವಿನ ಹೆಸರೂ ವರನ ತಾಯಿಯ ಹೆಸರೂ ಅದಲುಬದಲಾಗಿ ಅಚ್ಚಾಗಿ, ಇವರು ಮುನ್ನೂರು ಕಾರ್ಡು ಚೀಲದಲ್ಲಿ ತುಂಬಿಕೊಂಡು ಸೈಕಲ್ಲಿನಲ್ಲಿ ಪರಾರಿಯಾದ ಕಥೆ. ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಇದನ್ನು ನನಗೆ ಹೇಳಿರಲಿಲ್ಲ! ಮೂರನೆಯ ಸಂಖ್ಯೆಗೆ ಅವರ ಅಪ್ಪನ ಒರಟುತನ, ಐದಕ್ಕೆ ತೀರಿಹೋದ ತಂಗಿ, ಏಳಕ್ಕೆ ಅವರು ನಾಟಕದಲ್ಲಿ ಹೆಣ್ಣು ವೇಷ ಹಾಕಿ ಸೀರೆ ಜಾರಿಸಿಕೊಂಡದ್ದು. ಮೂರು ಗಂಟೆಗೇ ನಾನು ಗಡಿಯಾರ ನೋಡಲು ಶುರುಮಾಡುತ್ತಿದ್ದೆ. ಹೊಸದಾಗಿ ಮದುವೆಯಾದಾಗಲೂ ಸಂಜೆಗೆ ಇಷ್ಟು ಕಾದಿರಲಿಲ್ಲ.

ಪಕ್ಕದ ಮನೆ ಶುಭಾ ಕಾಂಪೌಂಡಿನಿಂದಲೇ ಛೇಡಿಸಿದಳು: "ಏನ್ರೀ ಭಾಗ್ಯಮ್ಮ, ಸಂಜೆ ಆದ್ರೆ ಗಂಡ ಹೆಂಡ್ತಿ ಒಳಗೆ ಕೂತ್ಕೊಂಡು 'ಏಳು, ಹನ್ನೊಂದು' ಅಂತೀರಲ್ಲ, ಇಬ್ಬರೇ ಹೌಸಿ ಆಡ್ತೀರಾ?"

"ರಿಪೇರಿ ಕಣಮ್ಮ."

"ರಿಪೇರಿಗೆ ಯಾರಾದ್ರೂ ಮಲ್ಲಿಗೆ ಮುಡ್ಕೋತಾರಾ?"

ನಾನು ಸೆರಗಿನಿಂದ ಹೂವು ಮುಚ್ಚಿಕೊಂಡು ಒಳಗೆ ಬಂದೆ.

ನಾಲ್ಕನೇ ಸಂಜೆ ಹದಿಮೂರು ಹಾಕಿದೆವು. ಪರದೆ ಕಪ್ಪಾಯಿತು. ಯಜಮಾನರು ಇದ್ದಕ್ಕಿದ್ದಂತೆ, "ಇಲವಾಲಕ್ಕೆ ನಿನ್ನ ನೋಡೋಕೆ ಬಂದಿದ್ದು ಜ್ಞಾಪಕ ಇದೆಯಾ?" ಎಂದರು.

ಜ್ಞಾಪಕವೇ? ನಾನು ಉಟ್ಟ ಸೀರೆಯ ಅಂಚು, ಚೆಲ್ಲಿದ ಕಾಫಿ, ಎಲ್ಲ ಇದೆ. ಅವರು ತಲೆ ಎತ್ತಿ ಒಮ್ಮೆ ನೋಡಿ ಮೆಲ್ಲಗೆ ನಕ್ಕಿದ್ದರು. ಆ ನಗುವಿನ ಅರ್ಥವೇನೆಂದು ನಾನು ಅಂದಿನಿಂದ ಯೋಚಿಸುತ್ತಿದ್ದೇನೆ.

"ನಮ್ಮಪ್ಪ ದಾರಿಯುದ್ದಕ್ಕೂ ಈ ಸಂಬಂಧ ಬೇಡ ಅಂತಿದ್ರು. ನಾನೂ ಬೇಡ ಅಂತಾನೇ ಬಂದಿದ್ದೆ. ಒಳಗೆ ಬಂದು ಕೂತೆ. ನೀನು ಕಾಫಿ ತಂದೆ. ಆಗ ನನ್ನ ಮನಸ್ಸಿಗೆ..."

ಪರದೆ ಬೆಳಗಿತು. ಅಡ್ಡಗೆರೆ ಹಾಗೇ ಇತ್ತು. "ಛೆ, ಇದೂ ಇಲ್ಲ" ಎಂದು ಎದ್ದು ಕಣ್ಣಿಗೆ ಔಷಧಿ ಹಾಕಿಕೊಂಡು ಮಲಗಿಬಿಟ್ಟರು.

ಮನಸ್ಸಿಗೆ ಏನು? ಕೆದಕಬಾರದೆಂಬ ನನ್ನ ನೇಮವನ್ನು ಮೊದಲ ಸಲ ಶಪಿಸಿದೆ.

ಮರುದಿನ ಮಧ್ಯಾಹ್ನ ಅವರು ಕಣ್ಣು ತೋರಿಸಲು ಹೋಗಿದ್ದರು. ಮುಂದಿನ ಸಂಖ್ಯೆಯನ್ನು ನಾನೇ ನೋಡಿಬಿಟ್ಟರೆ ಅವರ ಕಣ್ಣಿಗೆ ಅಷ್ಟು ಶ್ರಮ ಕಡಿಮೆ ಎಂಬ ಸದುದ್ದೇಶದಿಂದ ಒಬ್ಬಳೇ ಕೂತು ಹದಿನೇಳು ಹಾಕಿದೆ. ನಾಲ್ಕು ನಿಮಿಷ ಕಳೆಯಿತು. ಅಡ್ಡಗೆರೆ ಇರಲಿಲ್ಲ. ಧ್ವನಿಯ ಗುಂಡಿ ಒತ್ತಿದರೆ 'ಟಕ್' ಎಂದಿತು. ಸ್ವಾಮಿಗಳು ಬಾಯಿ ಬಿಟ್ಟಿದ್ದರು!

'ಶಿವನೇ' ಎಂದು ಕೈ ಮುಗಿದೆ. ಮುಗಿದ ಕೈ ಅಲ್ಲೇ ನಿಂತಿತು. ಧ್ವನಿ ಬಂತು ಎಂದರೆ ರೀಸ್ಟಾರ್ಟ್ ಇಲ್ಲ. ರೀಸ್ಟಾರ್ಟ್ ಇಲ್ಲ ಎಂದರೆ ನಾಲ್ಕು ನಿಮಿಷವಿಲ್ಲ. ಇಲವಾಲದ ಹಜಾರದಲ್ಲಿ ಕಾಫಿ ಲೋಟ ಹಿಡಿದ ನಾನು ಹಾಗೇ ನಿಂತಿರಬೇಕು, ಬದುಕಿರುವವರೆಗೂ.

ಮತ್ತೆ ಹದಿಮೂರನ್ನೇ ಹಾಕಿಟ್ಟೆ. ಪುಸ್ತಕದಲ್ಲಿ ಹದಿನೇಳಕ್ಕೆ ಅಡ್ಡಗೆರೆ ಎಳೆದೆ. (ಯಾವ ಪುಸ್ತಕ ಎಂದು ನೀವು ಜ್ಞಾಪಿಸಬೇಕಾಗಿಲ್ಲ. ನನಗೆ ಗೊತ್ತಿತ್ತು.)

"ಇವತ್ತು ಹದಿನೇಳಲ್ವಾ?" ಎಂದರು ಸಂಜೆ.

"ಮಧ್ಯಾಹ್ನ ನಾನೇ ನೋಡಿದೆ ರೀ. ಹದಿನೆಂಟು ಹಾಕಿ."

ನೋಡಿದೆ ಎಂದೆ ಅಷ್ಟೆ. ಬರಲಿಲ್ಲ ಎಂದು ಹೇಳಲಿಲ್ಲ. ಇದನ್ನೇ ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಶಿವನಿಗೂ ಹೇಳಿದೆ. ಅವನು ನನಗಿಂತ ತಾಳ್ಮೆಯ ಕೇಳುಗ, ಏನೂ ಅನ್ನಲಿಲ್ಲ.

ಶಿಕ್ಷೆ ಮಾತ್ರ ಕೊಟ್ಟ. ಹದಿನೆಂಟಕ್ಕೆ ಯಜಮಾನರು ಪ್ರೆಸ್ಸಿನ ಬೆಕ್ಕಿನ ಕಥೆ ಹೇಳಿದರು. ಇಪ್ಪತ್ತಕ್ಕೆ ಆ ಬೆಕ್ಕಿನ ಮರಿಗಳದು. ಮೂವತ್ತಮೂರು, ನಲವತ್ತು, ಐವತ್ತು... ಕಾಗದದ ಕಥೆ, ಮಸಿಯ ಕಥೆ, ಪ್ರೂಫ್ ತಿದ್ದುವ ಶಾಮಣ್ಣನವರ ಮೂಲವ್ಯಾಧಿಯ ಕಥೆ. ಇಲವಾಲದ ಕಡೆಗೆ ಮಾತ್ರ ಬಸ್ಸು ತಿರುಗಲಿಲ್ಲ. ನಾನು ತಿರುಗಿಸಲೂ ಇಲ್ಲ. ಕೊನೆಗೆ ತೊಂಬತ್ತೊಂಬತ್ತೂ ಮುಗಿಯಿತು.

ಅವರು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತರು. "ಬೆರಳಿಗೆ ದಾರಿ ಗೊತ್ತಿತ್ತು ಕಣೇ ಇದರ ಮೇಲೆ. ಹೋಗಲಿ ಬುಡು. ನಾಳೆ ಬಿಚ್ಚಿ, ಭಾಗ ತಂದಿದ್ದ ಆ ಅಮರೇಶನ ಅಂಗಡಿಗೆ ಕೊಟ್ಬುಡ್ತೀನಿ."

ನನ್ನ ಒಂದು ಮಾತಿನ ಆಸೆಗೆ ಆ ಮನುಷ್ಯನ ಹತ್ತು ಬೆರಳನ್ನೂ ಅನಾಥ ಮಾಡಿದ್ದೆ. ಬೆಳಿಗ್ಗೆ ಪೂಜೆಗೆ ಕೂತರೆ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಕಣ್ಣು ಮುಚ್ಚಿದರೂ ಹದಿನೇಳು, ಬಿಟ್ಟರೂ ಹದಿನೇಳು. ಎದ್ದು ಹಜಾರಕ್ಕೆ ಹೋದೆ. ಅವರು ಆಗಲೇ ತಿರುಪುಳಿ ಹಿಡಿದು ನಿಂತಿದ್ದರು.

"ರೀ, ಬಿಚ್ಚಬೇಡಿ. ಹದಿನೇಳು ಸರಿಯಾಗಿದೆ. ಅವತ್ತೇ ಬಂದಿತ್ತು. ನಾನೇ ಹೇಳಲಿಲ್ಲ."

"ಯಾಕೆ?"

"ರೀಸ್ಟಾರ್ಟ್ ಆಗುವಾಗ ನೀವು ಮಾತಾಡ್ತಿದ್ರಲ್ಲ. ಅದಕ್ಕೆ."

ಅವರು ಬೈಯಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿದರು, ಗೊತ್ತಿಲ್ಲದ ಲಿಪಿಯ ಪುಟ ನೋಡುವ ಹಾಗೆ. ಆಮೇಲೆ ಕೂತು ಹದಿನೇಳು ಹಾಕಿ ರೀಸ್ಟಾರ್ಟ್ ಒತ್ತಿದರು. ಪರದೆ ಕಪ್ಪಾಯಿತು. ಇದೇ ಕೊನೆಯ ನಾಲ್ಕು ನಿಮಿಷ. ಇಪ್ಪತ್ತೊಂಬತ್ತು ವರ್ಷದ ನೇಮ ಮುರಿದೆ.

"ಇಲವಾಲದಲ್ಲಿ ನಾನು ಕಾಫಿ ತಂದಾಗ ನಿಮ್ಮ ಮನಸ್ಸಿಗೆ ಏನನ್ನಿಸ್ತು?"

"ಓ, ಅದಾ?" ಎಂದು ಹಗುರವಾಗಿ ನಕ್ಕರು. ಅದೇ ನಗು! "ನಿಮ್ಮನೆ ಗೂಡಲ್ಲಿ ಒಂದು ಟೇಪ್‌ರೆಕಾರ್ಡರ್ ಹಾಡ್ತಿತ್ತಲ್ಲ, ಎರಡು ಸ್ಪೀಕರ್‌ದು. ಅದರ ಎಡಗಡೆದು ಸತ್ತುಹೋಗಿತ್ತು. ಒಳಗೆ ಒಂದು ವೈರು ಬಿಟ್ಟಿರಬೇಕು, ಎರಡು ನಿಮಿಷದ ಕೆಲಸ ಅನ್ನಿಸ್ತು. ಮೊದಲನೇ ಸಲ ಹೋದವರ ಮನೇಲಿ ತಿರುಪುಳಿ ಕೇಳೋಕಾಗುತ್ತಾ? ಮತ್ತೆ ಬರೋಣ ಅಂದ್ಕೊಂಡೆ. ಮತ್ತೆ ಬರಬೇಕಾದ್ರೆ ಹುಡುಗಿ ಒಪ್ಪಿಗೆ ಅನ್ನಬೇಕಲ್ಲ. ಅಂದ್ಬುಟ್ಟೆ."

ಈ ಒಂದು ಮಾತಿಗೆ ನಾನು ಶಿವನ ಮುಂದೆ ಸುಳ್ಳು ಎಣಿಸಿದ್ದೆ.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ರಿಪೇರಿ ಮಾಡಿದ್ದು ನನಗೆ ಜ್ಞಾಪಕವೇ ಇಲ್ಲವಲ್ಲ" ಎಂದೆ.

"ಮಾಡಲೇ ಇಲ್ಲ. ಎರಡನೇ ಸಲ ಬಂದಾಗ ಅದರ ಕಡೆ ನೋಡೋಕೂ ಮರೆತೋಯ್ತು."

"ಯಾಕೆ ಮರೀತು?"

ಅವರು ನನ್ನ ಕಡೆ ತಿರುಗಿದರು. ಬಾಯಿ ತೆರೆದರು. ಆಣೆ ಮಾಡಿ ಹೇಳುತ್ತೇನೆ, ತೆರೆದಿದ್ದರು. ಅಷ್ಟರಲ್ಲಿ ಪರದೆ ಬೆಳಗಿತು, ಅಡ್ಡಗೆರೆ ಮಾಯವಾಗಿತ್ತು. ಹೆಡ್‌ಫೋನು ಕಿವಿಗೇರಿತು. ಯಾವುದೋ ಹಾಡು ಹಚ್ಚಿ, ಕಿವಿ ಮುಚ್ಚಿಕೊಂಡವರ ಗಂಟಲಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಭಾಗ್ಯಾ! ಏನು ಚೆನ್ನಾಗಿ ಕೇಳಿಸ್ತಿದೆ ಕಣೇ!"

"ಯಾಕೆ ಮರೀತು ರೀ?" ಎಂದೆ ಇನ್ನೊಮ್ಮೆ, ಹತ್ತಿರ ಹೋಗಿ.

ಅವರು ಕಣ್ಣು ಮುಚ್ಚಿ ನಗುತ್ತಾ ತಲೆದೂಗಿದರು. ತಾಳ ಮಾತ್ರ ಹಾಡಿನದಾಗಿತ್ತು.